ಗರ್ಭದಲ್ಲಿ ಮದ್ಯ ತಗುಲಿದ ಮಕ್ಕಳ ಕಣ್ಣು: ಮೊದಲ ತಪಾಸಣೆಯಿಂದ ತರಗತಿಯವರೆಗೆ

ಈ ಮಕ್ಕಳ ಬಗ್ಗೆ ಶಾಲೆಯಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಕೂತಲ್ಲಿ ಕೂರುವುದಿಲ್ಲ, ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಳ್ಳುವುದಿಲ್ಲ, ನಿನ್ನೆ ಕಲಿಸಿದ್ದು ಇವತ್ತು ನೆನಪಿಲ್ಲ. ತಾಯಿ ಬಸಿರಿದ್ದಾಗ ಮದ್ಯ ಕುಡಿದಿದ್ದರು ಎಂದು ಗೊತ್ತಾದ ಮೇಲಂತೂ ಎಲ್ಲವನ್ನೂ ಮಿದುಳಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಮಿದುಳಿನ ಪಾಲು ಇದೆ, ನಿಜ. ಆದರೆ ಮಗುವಿಗೆ ಆ ಬೋರ್ಡು ಕಾಣುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ನಂಬರ್ ಇರುವ ಕಣ್ಣಿಗೆ ಕನ್ನಡಕವಿದೆ, ಸೋಮಾರಿ ಕಣ್ಣಿಗೆ, ಅಂದರೆ ಮಿದುಳು ಸರಿಯಾಗಿ ಬಳಸದೆ ನೋಟ ಹಿಂದುಳಿದ ಕಣ್ಣಿಗೆ, ಪಟ್ಟಿ ಇದೆ. ಮದ್ಯ ಮಾಡಿಹೋದ ಹಾನಿಯಲ್ಲಿ ಚೆನ್ನಾಗಿ ಸರಿಪಡಿಸಬಹುದಾದದ್ದು ಕಡಿಮೆ; ಆ ಕಡಿಮೆಯಲ್ಲಿ ಇವೆರಡೂ ಸೇರಿವೆ. ಆದರೆ ಇವಕ್ಕೆ ವಯಸ್ಸಿನ ಗಡುವಿದೆ.

ಕಣ್ಣಿಗೆ ಆಗುವುದೇನು

ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗುವುದು ನಾಲ್ಕನೇ ವಾರದಲ್ಲಿ. ಮುಟ್ಟು ತಪ್ಪಿದ್ದು ಗಮನಕ್ಕೆ ಬಂದು, ಪರೀಕ್ಷೆ ಮಾಡಿಸಿ, ಬಸಿರು ಖಚಿತವಾಗುವ ಹೊತ್ತಿಗೆ ಕಣ್ಣಿನ ಬಟ್ಟಲು ಆಗಲೇ ಆಕಾರ ಪಡೆಯುತ್ತಿರುತ್ತದೆ. ತಾಯಿಯ ರಕ್ತದ ಮದ್ಯ ಮಾಸಿನ (ಪ್ಲಾಸೆಂಟಾ) ಮೂಲಕ ನೇರವಾಗಿ ಮಗುವಿಗೆ ಹೋಗುತ್ತದೆ. ಅದನ್ನು ಒಡೆದುಹಾಕುವ ಶಕ್ತಿ ಮಗುವಿನ ಯಕೃತ್ತಿಗೆ ಇನ್ನೂ ಇರುವುದಿಲ್ಲ. ಮುಖದ ಮೂಳೆ ಮತ್ತು ಕಣ್ಣಿನ ಮುಂಭಾಗವನ್ನು ಕಟ್ಟಬೇಕಾದ ಜೀವಕೋಶಗಳು ಈ ಹಂತದಲ್ಲೇ ಸಾಯುತ್ತವೆ. ಕಣ್ಣಿನ ನರ ಮತ್ತು ಮಿದುಳಿನ ನೋಟದ ಭಾಗಗಳು ಬೆಳೆಯುತ್ತಲೇ ಇರುವುದರಿಂದ ಆಮೇಲಿನ ತಿಂಗಳುಗಳಲ್ಲಿ ಕುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ವಿಸ್ಕಿ, ಬಿಯರ್, ಸೇಂದಿ, ಶೀತಕ್ಕೆಂದು ಕೊಟ್ಟ ಬ್ರಾಂದಿ ಎಲ್ಲದರಲ್ಲೂ ಇರುವುದು ಅದೇ ಮದ್ಯಸಾರ. ಬಸುರಿಗೆ ಇಷ್ಟರವರೆಗೆ ತೊಂದರೆಯಿಲ್ಲ ಎನ್ನುವ ಅಳತೆ ಯಾವುದೂ ಇಲ್ಲ.

ಫ್ರಾನ್ಸಿನ ನಾಂತ್ ನಗರದಲ್ಲಿ ಪಾಲ್ ಲೆಮ್ವಾನ್ 1968ರಲ್ಲೇ ಇಂಥ ಮಕ್ಕಳ ಲಕ್ಷಣಗಳನ್ನು ಬರೆದಿಟ್ಟಿದ್ದರು. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ಈಗ ಸೌಮ್ಯದಿಂದ ತೀವ್ರದವರೆಗಿನ ಎಲ್ಲವನ್ನೂ ಒಟ್ಟಿಗೆ ಎಫ್‌ಎಎಸ್‌ಡಿ (ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್) ಎನ್ನುತ್ತಾರೆ. ಕಣ್ಣಿನ ಮಟ್ಟಿಗೆ ಮುಖ್ಯ ಕೆಲಸ ನಡೆದದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಅಲ್ಲಿನ ಕಣ್ಣಿನ ವೈದ್ಯೆ ಕೆರ್ಸ್ಟಿನ್ ಸ್ಟ್ರೋಮ್‌ಲಾಂಡ್ 1980ರ ದಶಕದಿಂದ ಈ ಮಕ್ಕಳ ಕಣ್ಣಿನ ಒಳಭಾಗವನ್ನು ನೋಡುತ್ತ ಹೋದರು. ಸಿಂಡ್ರೋಮ್ ಪೂರ್ಣರೂಪದಲ್ಲಿರುವ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಕಣ್ಣಿನ ನರ ಸಣ್ಣದಾಗಿರುವುದೂ, ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ರಕ್ತನಾಳಗಳು ಬಳ್ಳಿಯಂತೆ ಸುತ್ತಿಕೊಂಡಿರುವುದೂ ಅವರಿಗೆ ಕಂಡಿತು.

ಹೊರಗೆ ಕಾಣುವ ಗುರುತುಗಳು ಬೇರೆ. ಕಣ್ಣಿನ ಸೀಳು ಮೂಗಿನ ಕಡೆಯ ತುದಿಯಿಂದ ಕಿವಿಯ ಕಡೆಯ ತುದಿಗೆ ಗಿಡ್ಡವಾಗಿರುತ್ತದೆ. ಮೂಗಿಗೂ ಮೇಲ್ದುಟಿಗೂ ನಡುವಿನ ತೋಡು ಸಪಾಟಾಗಿ, ಮೇಲ್ದುಟಿ ತೆಳ್ಳಗಿರುತ್ತದೆ. ರೆಪ್ಪೆ ಜೋಲುಬೀಳುವುದು, ಮೆಳ್ಳೆಗಣ್ಣು, ದೂರದ ಅಥವಾ ಹತ್ತಿರದ ನಂಬರ್, ಸಿಲಿಂಡರ್ ನಂಬರ್, ಕಣ್ಣುಗುಡ್ಡೆ ಸದಾ ಅಲುಗಾಡುವುದು ಇವೆಲ್ಲ ಬೇರೆ ಮಕ್ಕಳಿಗಿಂತ ಹೆಚ್ಚು. ಹುಟ್ಟಿನಿಂದಲೇ ಪೊರೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮಬ್ಬು, ಕಣ್ಣುಗುಡ್ಡೆಯೇ ಚಿಕ್ಕದಾಗಿರುವುದು ಅಪರೂಪ, ಆದರೆ ಇದ್ದರೆ ಗಂಭೀರ. ಒಂದು ವಿಷಯ ನೆನಪಿರಲಿ: ಮುಖದಲ್ಲಿ ಈ ಯಾವ ಗುರುತೂ ಇಲ್ಲದ ಎಫ್‌ಎಎಸ್‌ಡಿ ಮಕ್ಕಳೇ ಹೆಚ್ಚು. ‘ಮುಖ ಚೆನ್ನಾಗೇ ಇದೆಯಲ್ಲ’ ಎಂದು ಕಣ್ಣಿನ ತಪಾಸಣೆ ಬಿಡುವ ಹಾಗಿಲ್ಲ.

ಮನೆಯಲ್ಲಿ ನೋಡಬಹುದಾದದ್ದು

ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಹಗುರವಾಗಿ ಮುಚ್ಚಿ, ಇಷ್ಟದ ಆಟಿಕೆ ತೋರಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಸಲ ಒಂದೇ ಥರ ನೋಡಿದರೆ ಸರಿ. ಒಂದು ಕಡೆ ಮುಚ್ಚಿದಾಗ ಮಾತ್ರ ಕೈ ತಳ್ಳಿ, ತಲೆ ತಿರುಗಿಸಿ, ರಚ್ಚೆ ಹಿಡಿದರೆ ನೀವು ಮುಚ್ಚಿದ್ದು ಒಳ್ಳೆಯ ಕಣ್ಣು. ಇನ್ನೊಂದು ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ ಎಂದರ್ಥ. ಈ ಮಕ್ಕಳಲ್ಲಿ ಕೆಲವರಿಗೆ ಮುಖ ಮುಟ್ಟಿದರೇ ಆಗದು, ಎರಡೂ ಕಡೆ ಅಳುತ್ತಾರೆ. ಮೂರು ಬೇರೆ ದಿನ ಮಾಡಿ ನೋಡಿ.

ಮೆಳ್ಳೆಗಣ್ಣಿಗೆ ಫೋಟೋ ಸಹಾಯ ಮಾಡುತ್ತದೆ. ಮಸುಕು ಬೆಳಕಿನಲ್ಲಿ ಸುಮಾರು ಒಂದು ಮೀಟರ್ ದೂರದಿಂದ ಫ್ಲ್ಯಾಶ್ ಹಾಕಿ ತೆಗೆಯಿರಿ, ಮಗು ಕ್ಯಾಮೆರಾ ಕಡೆಗೇ ನೋಡುತ್ತಿರಲಿ. ಎರಡೂ ಪಾಪೆಗಳ ಮೇಲೆ ಬೆಳಕಿನ ಬಿಳಿ ಚುಕ್ಕಿ ಒಂದೇ ಜಾಗದಲ್ಲಿ ಕೂತಿರಬೇಕು. ಮೂಗಿನ ಬುಡ ಅಗಲವಾಗಿದ್ದು, ಒಳಮೂಲೆಯಲ್ಲಿ ಚರ್ಮದ ಮಡಿಕೆ ಇರುವ ಮಕ್ಕಳಿಗೆ ಮೆಳ್ಳೆ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ, ಚುಕ್ಕಿ ಮಾತ್ರ ಸರಿಯಾದ ಜಾಗದಲ್ಲಿರುತ್ತದೆ. ಇದರ ಉಲ್ಟಾ ತಪ್ಪೂ ಆಗುತ್ತದೆ: ‘ಆ ಮುಖದ ರೀತಿಯೇ ಹಾಗೆ’ ಎಂದುಕೊಂಡು ನಿಜವಾದ ಮೆಳ್ಳೆಯನ್ನು ಬಿಟ್ಟುಬಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ಮಾತ್ರ ತಿರುಗುವ ಕಣ್ಣು ಫೋಟೋದಲ್ಲಿ ಸಿಗುವುದಿಲ್ಲ. ಹಾಗಾಗಿ ಫೋಟೋ ಸರಿ ಬಂತೆಂದು ಆಸ್ಪತ್ರೆ ತಪ್ಪಿಸಬೇಡಿ. ಮೆಳ್ಳೆಗಣ್ಣು ಅದೃಷ್ಟ ಎನ್ನುವ ಅಜ್ಜಿಯರ ಮಾತಿಗೆ ಕಿವಿಗೊಟ್ಟು ಐದಾರು ವರ್ಷ ಕಾದರೆ ಹೋಗುವುದು ಆ ಕಣ್ಣಿನ ನೋಟ.

ಗಲ್ಲ ಮೇಲೆತ್ತಿ ಟಿವಿ ನೋಡುವ ಮಗುವಿನ ರೆಪ್ಪೆ ಪಾಪೆಯನ್ನು ಮುಚ್ಚುತ್ತಿರಬಹುದು. ತಲೆ ಸದಾ ಒಂದೇ ಕಡೆ ಓರೆ ಮಾಡುವ ಮಗು, ಅಲುಗಾಡುವ ಕಣ್ಣು ನಿಧಾನವಾಗುವ ಕೋನವನ್ನು ತಾನೇ ಕಂಡುಕೊಂಡಿರಬಹುದು. ‘ತಲೆ ನೆಟ್ಟಗಿಡು’ ಎಂದು ಗದರಿದರೆ ಅದರ ನೋಟವನ್ನೇ ಕಿತ್ತುಕೊಂಡಂತೆ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯಬಾರದು. ಫೋಟೋದಲ್ಲಿ ಅಥವಾ ಬರಿಗಣ್ಣಿಗೆ ಪಾಪೆ ಬಿಳಿಯಾಗಿ ಕಂಡರೆ, ಕಾರ್ನಿಯಾ ದೊಡ್ಡದಾಗಿ ಮಂಜಾಗಿ ನೀರು ಸುರಿಯುತ್ತ ಮಗು ಬೆಳಕಿಗೆ ಕಣ್ಣು ಬಿಡಲಾರದಿದ್ದರೆ, ಇದುವರೆಗೆ ನೇರವಿದ್ದ ಕಣ್ಣು ಇದ್ದಕ್ಕಿದ್ದಂತೆ ತಿರುಗಿದರೆ ಅದೇ ದಿನ ಅಥವಾ ಮರುದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಕಾಡಿಗೆ, ಹರಳೆಣ್ಣೆ, ಎದೆಹಾಲು ಯಾವುದನ್ನೂ ಕಣ್ಣಿಗೆ ಹಾಕಬೇಡಿ.

ಯಾವಾಗ, ಎಲ್ಲಿಗೆ

ಹುಟ್ಟಿದ ಆಸ್ಪತ್ರೆಯಲ್ಲೇ ಪಾಪೆಯ ಕೆಂಪು ಹೊಳಪನ್ನು ನೋಡಿರಬೇಕು. ನೋಡಿಲ್ಲವಾದರೆ ಮೊದಲ ಲಸಿಕೆಯ ಭೇಟಿಯಲ್ಲಿ ಕೇಳಿ. ಆರು ತಿಂಗಳೊಳಗೆ ಮಕ್ಕಳ ಕಣ್ಣಿನ ತಜ್ಞರಿಂದ ಒಂದು ಪೂರ್ಣ ತಪಾಸಣೆ, ಅಲ್ಲಿಂದ ಎಂಟು ವರ್ಷದವರೆಗೆ ವರ್ಷಕ್ಕೆ ಒಂದಾದರೂ. ಕನ್ನಡಕವೋ ಪಟ್ಟಿಯೋ ನಡೆಯುತ್ತಿದ್ದರೆ ವೈದ್ಯರು ಹೇಳಿದಂತೆ ಇನ್ನೂ ಬೇಗ ಬೇಗ. ಮಗು ದೊಡ್ಡದಾದ ಮೇಲೆ ದತ್ತು ಬಂದು ಹಿಂದಿನದೇನೂ ಗೊತ್ತಿಲ್ಲದಿದ್ದರೆ, ಬಂದ ಮೊದಲ ಕೆಲವು ವಾರಗಳಲ್ಲೇ ಈ ಕೆಲಸ ಮುಗಿಸಿ.

ಕರ್ನಾಟಕದಲ್ಲಿ ಹಣ ಕೊಡದೆ ಹೋಗುವ ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ಮಗುವನ್ನು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ತಂಡ ಬರುವವರೆಗೆ ಕಾಯದೆ ಆಶಾ ಕಾರ್ಯಕರ್ತೆಯ ಮೂಲಕ ನೀವೇ ನೇರವಾಗಿ ಹೋಗಬಹುದು. ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯೂ ಇದೆ.

ವೈದ್ಯರಿಗೆ ಮದ್ಯದ ವಿಷಯ ಹೇಳಲು ಮನೆಯವರು ಹಿಂಜರಿಯುತ್ತಾರೆ. ಹೇಳದಿದ್ದರೆ ಆಗುವ ನಷ್ಟ ಇಷ್ಟು: ವೈದ್ಯರು ನಂಬರ್ ನೋಡಿ ಕಳಿಸಿಬಿಡಬಹುದು, ನರದ ಗಾತ್ರವನ್ನು ಗಮನಿಸದೆ ಇರಬಹುದು. ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿಲ್ಲ. ಚೀಟಿಯಲ್ಲಿ ಒಂದು ಸಾಲು ಬರೆದುಕೊಡಿ: ‘ಗರ್ಭದಲ್ಲಿ ಮದ್ಯ ತಗುಲಿದ್ದು: ಹೌದು’, ಅಥವಾ ‘ಅನುಮಾನ’, ಅಥವಾ ‘ಗೊತ್ತಿಲ್ಲ’. ಅದರ ಕೆಳಗೆ ಮೂರ್ಛೆ, ಹೃದಯದ ತೂತು, ಈಗ ಕೊಡುತ್ತಿರುವ ಮಾತ್ರೆಗಳು. ಎಲ್ಲ ಭೇಟಿಗೂ ಅದೇ ಚೀಟಿ ಸಾಕು. ತಾಯಿಯೇ ಎದುರು ಕೂತಿದ್ದರೆ ಮಾತು ಅಲ್ಲಿಗೆ ನಿಲ್ಲಲಿ. ತಪ್ಪೊಪ್ಪಿಗೆ ಬರೆಸಿಕೊಳ್ಳುವುದು ಕಣ್ಣಿನ ವಿಭಾಗದ ಕೆಲಸವಲ್ಲ.

ತಪಾಸಣೆಗೆ ಮಗುವನ್ನು ಸಿದ್ಧ ಮಾಡುವುದು

ಇಲ್ಲಿ ಸಮಯ ಹಾಕಿದರೆ ಫಲ ಜಾಸ್ತಿ. ‘ಮಗು ಸಹಕರಿಸಲಿಲ್ಲ’ ಎಂದು ಬರೆದ ವರದಿಯಿಂದ ಯಾರಿಗೂ ಉಪಯೋಗವಿಲ್ಲ, ಮತ್ತೆ ಬನ್ನಿ ಎಂದರೆ ಮೂರು ತಿಂಗಳು ಹೋಗುತ್ತದೆ.

ಓದಲು ಬಾರದ ಮಕ್ಕಳಿಗೆ ಸಾಮಾನ್ಯವಾಗಿ ಲಿಯಾ ಚಿತ್ರಗಳ ಚಾರ್ಟ್ ಬಳಸುತ್ತಾರೆ: ಮನೆ, ಸೇಬು, ವೃತ್ತ, ಚೌಕ. ಇವನ್ನೇ ದಪ್ಪ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬಿಳಿ ರಟ್ಟಿನ ಮೇಲೆ ಅಂಗೈಯಗಲ ಬರೆದು ಎರಡು ಜೊತೆ ಮಾಡಿ. ಒಂದು ಜೊತೆ ಮಗುವಿನ ಮುಂದೆ, ಇನ್ನೊಂದು ನಿಮ್ಮ ಕೈಯಲ್ಲಿ. ನೀವು ತೋರಿಸಿದ್ದನ್ನು ಮಗು ತನ್ನದರಲ್ಲಿ ಮುಟ್ಟಿ ತೋರಿಸಬೇಕು. ಹೆಸರು ಹೇಳಬೇಕಿಲ್ಲ, ಮಾತು ತಡವಾದ ಮಕ್ಕಳಿಗೆ ಮುಟ್ಟುವುದೇ ಸುಲಭ. ಮೊದಲು ಒಂದು ಮೊಳ ದೂರ, ವಾರದ ಕೊನೆಗೆ ಮೂರು ಮೀಟರ್. ದಿನಕ್ಕೆ ಐದು ನಿಮಿಷ ಸಾಕು, ಆದರೆ ದಿನಾ ಬೇಕು, ಏಕೆಂದರೆ ಸೋಮವಾರ ಕಲಿತದ್ದು ಗುರುವಾರಕ್ಕೆ ಅಳಿಸಿಹೋಗುವ ಮಕ್ಕಳಿವರು. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ತಡವಾಗಿ ಬರುತ್ತದೆ. ಆತುರದಲ್ಲಿ ಪ್ರಶ್ನೆ ಬದಲಿಸಿದರೆ ಮಗು ಮೊದಲಿನಿಂದ ಯೋಚಿಸಬೇಕಾಗುತ್ತದೆ.

ಬೆಳಗಿನ ಮೊದಲ ಹೊತ್ತು ಕೇಳಿ ಪಡೆಯಿರಿ. ತಿಂಡಿ ತಿಂದಿರಲಿ, ನಿದ್ದೆಯಾಗಿರಲಿ. ಗಿಜಿಗುಡುವ ಕಾಯುವ ಹಾಲಿನಲ್ಲಿ ಎರಡು ಗಂಟೆ ಕೂತ ಮಗು ಚಾರ್ಟಿನ ಮುಂದೆ ಸೋತೇ ಸೋಲುತ್ತದೆ. ನಿಮ್ಮ ಸರದಿ ಬರುವವರೆಗೆ ಹೊರಗೆ ಮರದ ಕೆಳಗಿರಿ, ಒಬ್ಬರು ಒಳಗಿದ್ದು ಕರೆಯಲಿ.

ಚಾರ್ಟ್ ಓದಿಸುವವರಿಗೆ ಎರಡು ಮಾತು ಹೇಳಿ. ಒಂದು, ಕಣ್ಣು ಮುಚ್ಚುವ ಚಮಚೆಯ ಅಂಚಿನಿಂದ ಈ ಮಕ್ಕಳು ಇಣುಕುತ್ತಾರೆ, ಅಂಟಿಸುವ ಪಟ್ಟಿಯನ್ನೇ ಹಾಕಿ. ಎರಡು, ಒಂದೊಂದೇ ಚಿತ್ರ ತೋರಿಸಿ ಬರೆದ ಅಂಕಿ ಸಾಲದು. ಸೋಮಾರಿ ಕಣ್ಣು ಒಂಟಿ ಅಕ್ಷರವನ್ನು ಚೆನ್ನಾಗಿ ಓದಿ, ಸಾಲಿನಲ್ಲಿ ಒತ್ತೊತ್ತಾಗಿ ಬಂದಾಗ ತಡವರಿಸುತ್ತದೆ. ಮಿದುಳಿನ ನೋಟದ ತೊಂದರೆಯಲ್ಲೂ ಹಾಗೇ. ಸಾಲು ಸಾಲಾಗಿ ಓದಿಸಿ ಬಂದದ್ದನ್ನು ಬೇರೆಯಾಗಿ ಬರೆಯಲಿ. ಇನ್ನೂ ಚಿಕ್ಕ ಕೂಸಾದರೆ ಪಟ್ಟೆಗಳಿರುವ ಟೆಲ್ಲರ್ ಕಾರ್ಡ್‌ಗಳಿಂದ ಅಳೆಯುತ್ತಾರೆ, ಅದಕ್ಕೆ ಮಾತೂ ಬೇಡ, ಕೈಯೂ ಬೇಡ.

ಪಾಪೆ ಅರಳಿಸುವ ಹನಿ

ಮಕ್ಕಳ ಕಣ್ಣಿನೊಳಗಿನ ಸ್ನಾಯು ಹತ್ತಿರದ್ದನ್ನು ನೋಡಲು ತುಂಬ ಬಲವಾಗಿ ಕುಗ್ಗುತ್ತದೆ. ಆ ಬಲವನ್ನು ಹನಿ ಹಾಕಿ ಸಡಿಲಿಸದೆ ನೋಡಿದ ನಂಬರ್ ನಂಬುವಂಥದಲ್ಲ. ಅಂಗಡಿಯ ಕಂಪ್ಯೂಟರ್ ಯಂತ್ರದಲ್ಲಿ ಮಾತ್ರ ನೋಡಿ ಮಾಡಿಸಿದ ಕನ್ನಡಕ ಮಕ್ಕಳಲ್ಲಿ ಕೆಲಸ ಕೆಡುವುದು ಇಲ್ಲೇ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಸೈಕ್ಲೋಪೆಂಟೋಲೇಟ್ 1% ಹಾಕುತ್ತಾರೆ, ಒಂದು ವರ್ಷದೊಳಗಿನವರಿಗೆ 0.5%. ಒಂದು ಹನಿ, ಐದು ಹತ್ತು ನಿಮಿಷಕ್ಕೆ ಇನ್ನೊಂದು, ಅರ್ಧದಿಂದ ಮುಕ್ಕಾಲು ಗಂಟೆಯ ಮೇಲೆ ತಪಾಸಣೆ. ಮಸುಕು ಒಂದು ದಿನ ಇರುತ್ತದೆ. ಮಗುವಿಗೆ ಮೂರ್ಛೆ ಇದ್ದರೆ ಹನಿ ಬೀಳುವ ಮೊದಲೇ ಹೇಳಿ. ಈ ಔಷಧಿ ಕೆಲವರಲ್ಲಿ ಕೆಲ ಗಂಟೆ ಬಡಬಡಿಕೆ, ತೂರಾಟ ತರುತ್ತದೆ. ಅಪರೂಪಕ್ಕೆ ಮೂರ್ಛೆ ಬಂದದ್ದೂ ಉಂಟು, ಅದಕ್ಕೇ ಮಿದುಳಿನ ತೊಂದರೆಯಿರುವ ಮಕ್ಕಳಲ್ಲಿ ಕಡಿಮೆ ಪ್ರಮಾಣ ಅಥವಾ ಬೇರೆ ಔಷಧಿ ಆರಿಸುತ್ತಾರೆ.

ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಅಟ್ರೋಪಿನ್ 1% ಮುಲಾಮನ್ನು ಮೂರು ದಿನ ಮನೆಯಲ್ಲೇ ಹಚ್ಚಿಕೊಂಡು ಬನ್ನಿ ಎನ್ನುವುದೂ ರೂಢಿ. ಕೈ ತೊಳೆದು, ಕೆಳರೆಪ್ಪೆಯನ್ನು ಕೆಳಗೆಳೆದು, ಅಕ್ಕಿಕಾಳಿನಷ್ಟು ಮುಲಾಮು ಇಟ್ಟು, ಕಣ್ಣು ಮುಚ್ಚಿಸಿ. ಹನಿಯ ರೂಪದ್ದಾದರೆ ಮೂಗಿನ ಪಕ್ಕದ ಒಳಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಇಲ್ಲವಾದರೆ ಔಷಧಿ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ತಪಾಸಣೆಯ ದಿನ ಬೆಳಿಗ್ಗೆ ಮುಲಾಮು ಹಚ್ಚಬೇಡಿ, ಅದರ ಜಿಡ್ಡಿಗೆ ಒಳಗಿನದು ಕಾಣುವುದಿಲ್ಲ. ಮುಖ ಕೆಂಪೇರಿ, ಬಾಯಿ ಒಣಗಿ, ಮೈ ಬಿಸಿಯಾಗಿ, ಎದೆ ಡವಡವ ಎಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಟ್ಯೂಬನ್ನು ಬೀರುವಿನಲ್ಲಿ ಬೀಗ ಹಾಕಿಡಿ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗೆ ಇದು ವಿಷ. ಅಟ್ರೋಪಿನ್ ಪರಿಣಾಮ ಒಂದೆರಡು ವಾರ ಇರುತ್ತದೆ, ಅಷ್ಟು ದಿನ ಬಿಸಿಲಿಗೆ ಅಂಚಿರುವ ಟೋಪಿ ಬೇಕು. ಪರೀಕ್ಷೆ ಹತ್ತಿರವಿದ್ದರೆ ಶಾಲೆಗೂ ತಿಳಿಸಿ.

ನರ ಸಣ್ಣದು ಎಂದರೆ

ಪಾಪೆ ಅರಳಿದ ಮೇಲೆ ವೈದ್ಯರು ಕಣ್ಣಿನ ಹಿಂಭಾಗ ನೋಡುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ‘ಎರಡೂ ಕಣ್ಣಿನ ನರದ ತಟ್ಟೆ ಸರಿಯಾದ ಗಾತ್ರದಲ್ಲಿದೆಯೇ?’ ನರ ಕಣ್ಣನ್ನು ಸೇರುವ ದುಂಡನೆಯ ಜಾಗವೇ ಈ ತಟ್ಟೆ. ಆಪ್ಟಿಕ್ ನರ್ವ್ ಹೈಪೊಪ್ಲೇಸಿಯಾ ಎಂದು ಬರೆದರೆ, ನರದಲ್ಲಿ ಇರಬೇಕಾದಷ್ಟು ತಂತುಗಳು ಬೆಳೆದಿಲ್ಲ ಎಂದರ್ಥ. ಸಣ್ಣ ತಟ್ಟೆಯ ಸುತ್ತ ಇನ್ನೊಂದು ಉಂಗುರ ಕಾಣುತ್ತದೆ, ಆ ಎರಡನೇ ಉಂಗುರವನ್ನೇ ತಟ್ಟೆಯ ಅಂಚೆಂದು ತಿಳಿದು ‘ನಾರ್ಮಲ್’ ಎಂದು ಬರೆಯುವ ತಪ್ಪು ಆಗುತ್ತದೆ. ಬಿಟ್ಟುಹೋದ ತಂತುಗಳು ಮತ್ತೆ ಬೆಳೆಯುವುದಿಲ್ಲ. ಕನ್ನಡಕ, ಶಸ್ತ್ರಚಿಕಿತ್ಸೆ, ವಿಟಮಿನ್, ಸ್ಟೆಮ್ ಸೆಲ್ ಯಾವುದೂ ಅದನ್ನು ತರುವುದಿಲ್ಲ; ತರುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರಿಂದ ದೂರವಿರಿ. ಒಳ್ಳೆಯ ಸುದ್ದಿ ಎಂದರೆ ಇದು ತಾನಾಗಿ ಹೆಚ್ಚುತ್ತ ಹೋಗುವ ರೋಗವಲ್ಲ, ನೋಟವೂ ಎಲ್ಲರಲ್ಲಿ ತೀರಾ ಕಡಿಮೆ ಇರುವುದಿಲ್ಲ.

ನರ ಸಣ್ಣದಿರುವ ಕೆಲವು ಮಕ್ಕಳಲ್ಲಿ ಪಕ್ಕದ, ಹಾರ್ಮೋನುಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದು ತಪ್ಪಿಹೋಗುವುದು ಒಂದು ಸರಳ ಕಾರಣಕ್ಕೆ: ಗರ್ಭದಲ್ಲಿ ಮದ್ಯ ತಗುಲಿದ ಮಕ್ಕಳಲ್ಲಿ ಹಲವರು ಹೇಗಿದ್ದರೂ ಸಣ್ಣಗೆ ಕುಳ್ಳಗೆ ಇರುತ್ತಾರೆ, ಆದ್ದರಿಂದ ಬೆಳವಣಿಗೆಯ ಹಾರ್ಮೋನ್ ಕಡಿಮೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಕೂಸಿಗೆ ಹೆಚ್ಚು ಕಾಲ ಕಾಮಾಲೆ ಉಳಿದಿತ್ತೆ, ಸಕ್ಕರೆ ಕುಸಿದಿತ್ತೆ ಎಂದು ನೆನಪು ಮಾಡಿಕೊಂಡು ಹೇಳಿ. ಮಿದುಳಿನ ಎಂಆರ್‌ಐ ಮತ್ತು ಮಕ್ಕಳ ಹಾರ್ಮೋನ್ ತಜ್ಞರ ಭೇಟಿ ಬೇಕೇ ಎಂದು ಕೇಳಿ. ಇಂಥ ಮಗು ಜ್ವರ, ವಾಂತಿಯಲ್ಲಿ ವಿಪರೀತ ಮಂಕಾದರೆ ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಓಡಿ, ಮತ್ತು ನರದ ವಿಷಯವನ್ನು ಅಲ್ಲಿ ಮೊದಲೇ ಹೇಳಿ.

ಕನ್ನಡಕ

ಚೀಟಿಯಲ್ಲಿ ನಂಬರ್ ಸರಿಯಿದ್ದೂ ಕನ್ನಡಕ ಸೋಲುವುದು ಹೆಚ್ಚಾಗಿ ಫ್ರೇಮಿನಿಂದ. ಈ ಮಕ್ಕಳಲ್ಲಿ ಹಲವರ ಮೂಗಿನ ಸೇತುವೆ ತಗ್ಗಾಗಿರುತ್ತದೆ, ಮುಖ ಚಿಕ್ಕದು. ‘ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ’ ಎಂದು ಯೂನಿಫಾರ್ಮ್ ಕೊಳ್ಳುವಂತೆ ಕೊಂಡ ಫ್ರೇಮು ಮೂಗಿನ ತುದಿಗೆ ಜಾರುತ್ತದೆ, ಮಗು ಗಾಜಿನ ಮೇಲಿಂದ ನೋಡುತ್ತದೆ. ಕನ್ನಡಕ ಮುಖದ ಮೇಲಿದೆ, ಕಣ್ಣಿನ ಮುಂದಿಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಪಾಪೆ ಲೆನ್ಸಿನ ಅಗಲದ ನಡುವೆ ಬರಬೇಕು. ರೆಪ್ಪೆಗೂದಲು ಲೆನ್ಸಿಗೆ ತಾಗಬಾರದು, ಫ್ರೇಮಿನ ಕೆಳಗಂಚು ನಕ್ಕಾಗ ಕೆನ್ನೆಯ ಮೇಲೆ ಕೂರಬಾರದು. ತಲೆ ಬಗ್ಗಿಸಿ ಅಲ್ಲಾಡಿಸಿದರೂ ಜಾರಬಾರದು. ಮೂರು ವರ್ಷದೊಳಗೆ ಲೋಹದ ತಿರುಪು ಇಲ್ಲದ, ಬಾಗುವ ರಬ್ಬರಿನಂಥ ಫ್ರೇಮು ಮತ್ತು ತಲೆಯ ಹಿಂದೆ ಬರುವ ಪಟ್ಟಿ ಒಳ್ಳೆಯದು. ದೊಡ್ಡವರಿಗೆ ಸಿಲಿಕಾನ್ ಮೂಗುಪ್ಯಾಡ್, ಕಿವಿಯ ಹಿಂದೆ ಸುತ್ತುವ ಕಡ್ಡಿ. ಲೆನ್ಸು ಪಾಲಿಕಾರ್ಬೊನೇಟ್ ಇರಲಿ, ಬಿದ್ದರೂ ಸೀಳದು. ಒಂದು ಕಣ್ಣಲ್ಲಿ ಮಾತ್ರ ನೋಟವಿರುವ ಮಗುವಿಗೆ ನಂಬರ್ ಇಲ್ಲದಿದ್ದರೂ ಇಂಥ ಕನ್ನಡಕ ಹಾಕಿಸಿ, ಆ ಒಂದು ಕಣ್ಣಿನ ರಕ್ಷಣೆಗೆ.

ಹಾಕಿಸುವ ರೂಢಿ ದಿನಚರಿಗೆ ಕಟ್ಟಬೇಕು. ಎದ್ದು, ಮುಖ ತೊಳೆದು, ಕನ್ನಡಕ, ಆಮೇಲೆ ಹಾಲು. ಪ್ರತಿದಿನ ಅದೇ ಕ್ರಮ, ಅದೇ ಜಾಗ, ಅದೇ ಮಾತು. ಹಾಲಿನ ಲೋಟದ ಪಕ್ಕವೇ ಡಬ್ಬಿ ಇಡಿ. ಮೊದಲ ದಿನಗಳಲ್ಲಿ ಇಷ್ಟದ ಕೆಲಸದ ಹತ್ತು ನಿಮಿಷ, ನಂತರ ಏರಿಸುತ್ತ ಹೋಗಿ. ಕಿತ್ತೆಸೆದರೆ ಶಿಕ್ಷೆ ಬೇಡ. ಮಾಡಿದ್ದಕ್ಕೂ ಶಿಕ್ಷೆಗೂ ಇರುವ ಸಂಬಂಧ ಈ ಮಕ್ಕಳ ತಲೆಯಲ್ಲಿ ಉಳಿಯುವುದಿಲ್ಲ, ಕನ್ನಡಕ ಎಂದರೆ ಬೈಗುಳ ಎಂದು ಮಾತ್ರ ಉಳಿಯುತ್ತದೆ. ಕಿವಿಯ ಹಿಂದೆ ಕೆಂಪಾಗಿದೆಯೇ, ತಲೆಗೆ ಹಚ್ಚಿದ ಎಣ್ಣೆ ಲೆನ್ಸಿಗೆ ಬಳಿದಿದೆಯೇ ಎಂದು ಮೊದಲು ನೋಡಿ. ಪ್ಲಸ್ ನಂಬರಿನ ಮಗುವಿಗೆ ಆರಂಭದಲ್ಲಿ ದೂರ ಮಸುಕಾಗಿ ಕಾಣುವುದೂ ಉಂಟು, ಕಣ್ಣು ತನ್ನ ಹಳೆಯ ಬಿಗಿತ ಬಿಡಲು ದಿನ ಬೇಕು. ಎರಡು ವಾರವಾದರೂ ಒಪ್ಪದಿದ್ದರೆ ಲೆನ್ಸು ಚೀಟಿಯಂತೆಯೇ ಇದೆಯೇ ಎಂದು ಅಳೆಸಿ. ಎಡಬಲ ಅದಲುಬದಲಾದ ಕನ್ನಡಕ ನೀವು ಅಂದುಕೊಂಡಷ್ಟು ಅಪರೂಪವಲ್ಲ. ಒರೆಸಲು ಸೆರಗಿನ ತುದಿ ಬೇಡ, ನೀರು ಮತ್ತು ಒಂದು ಹನಿ ಸೋಪು, ಆಮೇಲೆ ಮೆತ್ತನೆ ಹತ್ತಿ ಬಟ್ಟೆ.

ಪಟ್ಟಿ

ಕನ್ನಡಕ ಹಾಕಿಯೂ ಒಂದು ಕಣ್ಣು ಹಿಂದೆ ಉಳಿದರೆ ಒಳ್ಳೆಯ ಕಣ್ಣಿಗೆ ಪಟ್ಟಿ. ಅದಕ್ಕೂ ಮೊದಲು ಕನ್ನಡಕವೊಂದಕ್ಕೇ ಮೂರು ನಾಲ್ಕು ತಿಂಗಳು ಕೊಟ್ಟು ನೋಡುವುದುಂಟು, ಅದರಿಂದಲೇ ಕೆಲವರ ನೋಟ ಏರುತ್ತದೆ. ಅಮೆರಿಕದ ಮಕ್ಕಳ ಕಣ್ಣಿನ ಸಂಶೋಧಕರ ಗುಂಪು ಪೆಡಿಗ್ 2003ರಲ್ಲಿ ತೋರಿಸಿದ್ದು ತಂದೆತಾಯಿಗೆ ದೊಡ್ಡ ಉಪಕಾರ: ಏಳು ವರ್ಷದೊಳಗಿನವರಲ್ಲಿ ಮಧ್ಯಮ ಪ್ರಮಾಣದ ಸೋಮಾರಿ ಕಣ್ಣಿಗೆ, ಅಂದರೆ ಸುಮಾರು 6/12ರಿಂದ 6/24ರವರೆಗೆ (6/12 ಎಂದರೆ ಸರಿಯಿರುವ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಮಾತ್ರ ಓದುವುದು, 6/6 ಸರಿಯಾದ ನೋಟ), ದಿನಕ್ಕೆ 2 ಗಂಟೆಯ ಪಟ್ಟಿ 6 ಗಂಟೆಯದಷ್ಟೇ ಕೆಲಸ ಮಾಡಿತು. ಅದಕ್ಕಿಂತ ತೀವ್ರವಾಗಿದ್ದರೆ 6 ಗಂಟೆ ಇಡೀ ದಿನದ ಪಟ್ಟಿಗೆ ಸಮವಾಯಿತು. ದಿನವಿಡೀ ಪಟ್ಟಿ ಕಟ್ಟಿ ಮನೆಯನ್ನು ರಣರಂಗ ಮಾಡುವ ಅಗತ್ಯ ಬಹಳ ಮಂದಿಗೆ ಇಲ್ಲ. ಎಷ್ಟು ಗಂಟೆ ಎಂಬುದನ್ನು ಮಾತ್ರ ವೈದ್ಯರೇ ಬರೆಯಬೇಕು. ನೀವಾಗಿ ಹೆಚ್ಚಿಸಿದರೆ ಒಳ್ಳೆಯ ಕಣ್ಣೇ ಸೋಮಾರಿಯಾಗಬಹುದು.

ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ, ಅದರ ಮೇಲೆ ಕನ್ನಡಕ. ಕನ್ನಡಕದ ಲೆನ್ಸಿಗೆ ಕಟ್ಟಿದ ಬಟ್ಟೆಯ ಪಕ್ಕದಿಂದ ಮಗು ಇಣುಕುತ್ತದೆ. ದಿನಾ ಅದೇ ಹೊತ್ತು, ಕಾಣುವಂಥ ಟೈಮರ್ ಅಥವಾ ಮರಳು ಗಡಿಯಾರದ ಜೊತೆ. ‘ಇನ್ನೊಂದು ಗಂಟೆ’ ಎಂಬ ಮಾತು ಈ ಮಕ್ಕಳಿಗೆ ಅರ್ಥವಾಗುವುದಿಲ್ಲ, ಇಳಿಯುವ ಮರಳು ಅರ್ಥವಾಗುತ್ತದೆ. ಎರಡು ಗಂಟೆಯನ್ನು ನಾಲ್ಕು ಅರ್ಧ ಗಂಟೆಯಾಗಿ ಒಡೆಯಬಹುದು. ಆ ಹೊತ್ತಿನಲ್ಲಿ ಮಣಿ ಪೋಣಿಸುವುದು, ಬಣ್ಣ ತುಂಬುವುದು, ಹುರುಳಿಕಾಳಿನಿಂದ ಕಲ್ಲು ಆರಿಸುವುದು ಮಾಡಿಸಿ. ಮೆಟ್ಟಿಲು, ರಸ್ತೆ, ಸೈಕಲ್ ಬೇಡ. ಒಳ್ಳೆಯ ಕಣ್ಣು ಮುಚ್ಚಿದ ಮಗುವಿಗೆ ಆಗ ಬಹಳ ಕಡಿಮೆ ಕಾಣುತ್ತದೆ. ನಿದ್ದೆಯ ಹೊತ್ತಿನ ಪಟ್ಟಿ ಲೆಕ್ಕಕ್ಕಿಲ್ಲ. ತೆಗೆಯುವಾಗ ಅಂಚಿಗೆ ತೆಂಗಿನೆಣ್ಣೆ ಸವರಿ ನಿಧಾನ ಎಳೆಯಿರಿ, ಚರ್ಮ ಕೆಂಪಾದರೆ ಒಂದೆರಡು ದಿನ ಬಿಡುವು.

ಪಟ್ಟಿಗೆ ಆಗದೇ ಹೋದರೆ ವಾರಕ್ಕೆ ಎರಡು ದಿನ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕುವ ದಾರಿಯೂ ಇದೆ. ಮುಟ್ಟಿಸಿಕೊಳ್ಳದ ಮಕ್ಕಳಿಗೆ ಇದೇ ಮೇಲು, ಹಾಕಿದ ಮೇಲೆ ಕಿತ್ತೆಸೆಯಲು ಏನೂ ಇಲ್ಲ. ನರವೂ ಸಣ್ಣದಿರುವ ಕಣ್ಣಿನಲ್ಲಿ ಪಟ್ಟಿ ಒಂದು ಪ್ರಯತ್ನ ಮಾತ್ರ. ಹೇಳಿದಂತೆ ಮೂರು ತಿಂಗಳು ಮಾಡಿಯೂ ಒಂದು ಸಾಲೂ ಏರದಿದ್ದರೆ, ನಿಲ್ಲಿಸಬಹುದೇ ಎಂದು ವೈದ್ಯರನ್ನು ನೀವೇ ಕೇಳಿ. ವಯಸ್ಸು ಏಳು ದಾಟಿತೆಂದು ಯಾರಾದರೂ ವಾಪಸು ಕಳಿಸಿದರೆ ಇನ್ನೊಂದು ಕಡೆ ಹೋಗಿ, ಹನ್ನೆರಡರವರೆಗೂ ಗುಣ ಕಂಡ ಮಕ್ಕಳಿದ್ದಾರೆ.

ರೆಪ್ಪೆ ಪಾಪೆಯನ್ನೇ ಮುಚ್ಚುತ್ತಿದ್ದರೆ ಅಥವಾ ಮೆಳ್ಳೆ ಕನ್ನಡಕಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಅರಿವಳಿಕೆ ಕೊಡುವವರಿಗೆ ಅದೇ ಚೀಟಿ ತೋರಿಸಿ, ಹೃದಯದ ತೂತು ಈ ಮಕ್ಕಳಲ್ಲಿ ಹೆಚ್ಚು. ರೆಪ್ಪೆ ಎತ್ತಿದ ಮೇಲೆ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದೆ ಕಾರ್ನಿಯಾ ಒಣಗುತ್ತದೆ. ರಾತ್ರಿಯ ಮುಲಾಮು ತಪ್ಪಿಸಬೇಡಿ. ಮೆಳ್ಳೆ ನೇರವಾಯಿತೆಂದು ಕನ್ನಡಕ, ಪಟ್ಟಿ ನಿಲ್ಲಿಸಬೇಡಿ.

ಕಣ್ಣು ಸರಿ, ಆದರೂ ಕಾಣದು

6/6 ಬಂದ ಮಗುವೂ ತುಂಬಿದ ಕಪಾಟಿನಲ್ಲಿ ತನ್ನ ಅಂಗಿ ಹುಡುಕಲಾರದು, ಜನರ ನಡುವೆ ಅಮ್ಮನನ್ನು ಗುರುತಿಸಲಾರದು, ಮೆಟ್ಟಿಲಿನ ಅಂಚಿನಲ್ಲಿ ನಿಂತುಬಿಡುತ್ತದೆ. ಕಣ್ಣು ಕಳಿಸಿದ್ದನ್ನು ಮಿದುಳು ಬಿಡಿಸಿಕೊಳ್ಳಲಾಗದ ತೊಂದರೆ ಇದು. ಇದಕ್ಕೆ ಲೆನ್ಸಿಲ್ಲ, ಸುತ್ತಲಿನದನ್ನು ಸರಳ ಮಾಡಬೇಕು.

ಬಿಳಿ ತಟ್ಟೆಯಲ್ಲಿ ಮೊಸರನ್ನ ಮಾಯವಾಗುತ್ತದೆ, ಸ್ಟೀಲ್ ತಟ್ಟೆ ದೀಪದ ಕೆಳಗೆ ಹೊಳೆದು ಕಣ್ಣು ಕುಕ್ಕುತ್ತದೆ. ಕಡುನೀಲಿ ಅಥವಾ ಕೆಂಪು ತಟ್ಟೆ ತನ್ನಿ. ಬಾಳೆ ಎಲೆಯಲ್ಲಿ ಚೆನ್ನಾಗಿ ಉಣ್ಣುತ್ತಾನೆ, ತಟ್ಟೆಯಲ್ಲಿ ಚೆಲ್ಲುತ್ತಾನೆ ಎಂಬ ದೂರಿನ ಹಿಂದೆ ಇಷ್ಟೇ ಇರಬಹುದು. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲದ ಹಳದಿ ಟೇಪು ಅಂಟಿಸಿ. ಚುಕ್ಕಿ ಚುಕ್ಕಿ ಗ್ರಾನೈಟ್ ನೆಲದಲ್ಲೂ ಹೂವಿನ ಬೆಡ್‌ಶೀಟಿನ ಮೇಲೂ ಬಿದ್ದ ಆಟಿಕೆ ಸಿಗುವುದಿಲ್ಲ, ಒಂದೇ ಬಣ್ಣದ ಚಾಪೆ ಹಾಸಿ.

ತರಗತಿಯಲ್ಲಿ ಮುಂದಿನ ಸಾಲು, ನಡುವೆ, ಕಿಟಕಿಗೆ ಬೆನ್ನು ಮಾಡಿ. ಬೋರ್ಡಿನ ಸುತ್ತ ತೂಗುಹಾಕಿದ ಚಾರ್ಟುಗಳನ್ನು ಹಿಂದಿನ ಗೋಡೆಗೆ ಕಳಿಸಿ ಎಂದು ಟೀಚರನ್ನು ಕೇಳಿ. ಗೋಡೆ ತುಂಬಿದಷ್ಟೂ ಬೋರ್ಡು ಕಳೆದುಹೋಗುತ್ತದೆ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಬರೆದ ಹಾಳೆಯನ್ನೇ ಕೊಡಲಿ.

ಕನ್ನಡ ಓದುವ ಮಗುವಿಗೆ ಒಂದು ಹೆಚ್ಚಿನ ಕಷ್ಟವಿದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ನಡುವೆ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಒತ್ತಕ್ಷರ ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ಗುಣಿಸು, ಕೊಂಬುಗಳಿಗೆ ತಾಗುತ್ತದೆ. ಒತ್ತೊತ್ತಾಗಿದ್ದರೆ ಓದಲಾಗದ ಕಣ್ಣಿಗೆ ಇದು ಪೊದೆಯೇ ಸರಿ. ಅಕ್ಷರ ಹಿಗ್ಗಿಸಿದರೆ ಸಾಲದು, ಸಾಲುಗಳ ನಡುವಿನ ಜಾಗವನ್ನು ಎರಡರಷ್ಟು ಮಾಡಬೇಕು. 20ರಿಂದ 24 ಪಾಯಿಂಟಿನ ಅಕ್ಷರ, ಪುಟಕ್ಕೆ ಐದಾರು ಸಾಲು, ಲೆಕ್ಕವಾದರೆ ಪುಟಕ್ಕೆ ಮೂರು. ಪಠ್ಯಪುಸ್ತಕಕ್ಕೆ ಕಪ್ಪು ರಟ್ಟಿನಲ್ಲಿ ಕಿಟಕಿ ಕತ್ತರಿಸಿ: ಉದ್ದ ಪುಸ್ತಕದ ಸಾಲಿನಷ್ಟು, ಎತ್ತರ ಒತ್ತಕ್ಷರವೂ ಹಿಡಿಸುವಷ್ಟು, ಸುಮಾರು ಒಂದೂವರೆ ಸೆಂಟಿಮೀಟರ್. ಒಂದು ಸಾಲು ಓದಿ, ರಟ್ಟು ಇಳಿಸಿ, ಮುಂದಿನ ಸಾಲು. ಒತ್ತಕ್ಷರ ಕತ್ತರಿಸಿಹೋಗುವಷ್ಟು ಕಿರಿದಾದ ಕಿಟಕಿ ಮಾಡಿದರೆ ‘ಅಕ್ಕ’ ‘ಅಕ’ ಆಗುತ್ತದೆ, ಬೈಗುಳ ಮಗುವಿಗೆ ಬೀಳುತ್ತದೆ.

ಕನ್ನಡಕದೊಂದಿಗೂ ಒಳ್ಳೆಯ ಕಣ್ಣಿನ ನೋಟ 6/18ಕ್ಕಿಂತ ಕಡಿಮೆಯಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು ಮಂದದೃಷ್ಟಿ. ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಮಾಣ ಅಳೆಸಿ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಬುದ್ಧಿಬೆಳವಣಿಗೆ ಅಥವಾ ಕಲಿಕೆಯ ನ್ಯೂನತೆಯೂ ಇದ್ದರೆ ಎರಡನ್ನೂ ಒಟ್ಟಿಗೆ ಅಳೆಯಲು ಹೇಳಿ. ಸೌಲಭ್ಯಗಳಿಗೆ ಕೇಳುವ 40% ನ್ಯೂನತೆಯನ್ನು ಬೇರೆ ಬೇರೆಯಾಗಿ ಮುಟ್ಟದ ಮಗು ಒಟ್ಟು ಲೆಕ್ಕದಲ್ಲಿ ಮುಟ್ಟಬಹುದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಬರೆಯುವ ಸಹಾಯಕರನ್ನು ಕೇಳುವಾಗ ಆ ಕಾರ್ಡೇ ಆಧಾರ.